ಇನ್ನೂ ಬಾರದ ಹೊತ್ತಿನ ಬಿಲ್ಲು

ರಾತ್ರಿ 11:40. ಕೋಲ್ಕತ್ತದ ಗಾರ್ಡನ್ ರೀಚ್‌ನ ಮೆಟಿಯಾಬ್ರುಜ್‌ನಲ್ಲಿ, ಸಿದ್ಧ ಉಡುಪಿನ ಸಗಟು ಅಂಗಡಿಯೊಂದರ ಅಟ್ಟದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೀರಿ. ಹೊಸ ಬಟ್ಟೆಯ ಗಂಜಿ ವಾಸನೆ ಗಂಟಲಿಗೆ ಹತ್ತಿದೆ. ದುರ್ಗಾಪೂಜೆ ಹತ್ತಿರ ಬಂದಿದೆ, ಕೆಳಗೆ ಹೊಲಿಗೆ ಯಂತ್ರಗಳು ನಿಂತಿಲ್ಲ. ಹೂಗ್ಲಿ ನದಿಯ ಕಡೆಯಿಂದ ಹಡಗೊಂದು ಕೂಗುತ್ತದೆ.

ಬಿಲ್ಲಿಂಗ್ ತಂತ್ರಾಂಶ ಇಷ್ಟು ದಿನ ಜಾಂಗೊ ಎಂಬ ವೆಬ್ ಚೌಕಟ್ಟಿನ 3.2ನೇ ಆವೃತ್ತಿಯ ಮೇಲಿತ್ತು. 2024ರ ಏಪ್ರಿಲ್‌ನಿಂದಾಚೆಗೆ ಅದಕ್ಕೆ ಭದ್ರತಾ ಪ್ಯಾಚ್‌ಗಳಿಲ್ಲ. ಸುಮ್ಮನಿರುವುದಕ್ಕೂ ಭಯ: 2017ರಲ್ಲಿ ಅಪಾಚೆ ಸ್ಟ್ರಟ್ಸ್ ತಂತ್ರಾಂಶದ ಒಂದು ತೂತು ಮುಚ್ಚದೆ ಅಮೆರಿಕದ ಇಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿತ್ತು. ಅದಕ್ಕೇ ಇವತ್ತು 5.2ಕ್ಕೆ ಹಾರಿದ್ದೀರಿ, 4.2ರಲ್ಲಿ ನಿಲ್ಲದೆ, ಒಂದೇ ನೆಗೆತಕ್ಕೆ. ಟೆಸ್ಟ್‌ಗಳೆಲ್ಲ ಪಾಸ್.

"ದಾದಾ, ಏಕ್ಟು ದೇಖುನ್ ತೋ." ಅಣ್ಣಾ, ಸ್ವಲ್ಪ ನೋಡಿ ಎನ್ನುವ ಗುಮಾಸ್ತರ ದನಿಯಲ್ಲಿ ನಡುಕ.

ಇಣುಕುತ್ತೀರಿ. ರಾತ್ರಿ 9:15ಕ್ಕೆ ಹರಿದ ಬಿಲ್ಲು ನಾಳೆ ಬೆಳಗಿನ ಜಾವ 2:45 ಎನ್ನುತ್ತಿದೆ. ಆ ಹೊತ್ತು ಇನ್ನೂ ಬಂದೇ ಇಲ್ಲ. ಅಂಗೈ ತಣ್ಣಗಾಗುತ್ತದೆ.

ಐದೂವರೆ ಗಂಟೆ! ಯೂಸ್-ಟೀಝಡ್, ಸಮಯವಲಯದ ಸೆಟ್ಟಿಂಗ್. ಹಳೆಯ ಸೆಟ್ಟಿಂಗ್ಸ್ ಕಡತದಲ್ಲಿ ಆ ಸಾಲೇ ಇಲ್ಲ. ಸಾಲಿಲ್ಲದಿದ್ದರೆ ಹಿಂದಿನ ಜಾಂಗೊ ಇಲ್ಲಿನ ಸಮಯವನ್ನೇ ಬರೆಯುತ್ತಿತ್ತು. 5.0ರಿಂದ ಡಿಫಾಲ್ಟ್ ತಿರುಗಿದೆ: ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಇರುವುದೆಲ್ಲ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಎಂದು ನಂಬಿ, ತೋರಿಸುವಾಗ ಐದೂವರೆ ಗಂಟೆ ಕೂಡಿಸುತ್ತದೆ. 4.2ರಲ್ಲಿ ನಿಂತು ಎಚ್ಚರಿಕೆಗಳನ್ನು ತೆರೆದಿಟ್ಟು ಟೆಸ್ಟ್ ಓಡಿಸಿದ್ದರೆ, ಈ ಮಾತನ್ನು ಅದೇ ನಿಮಗೆ ಹೇಳುತ್ತಿತ್ತು. ನೆಗೆದವರಿಗೆ ಮೆಟ್ಟಿಲಿನ ಮೇಲಿನ ಬರಹ ಕಾಣುವುದಿಲ್ಲ.

ಕೆಳಗೆ ಪ್ರಿಂಟರ್ ಕರಕರ ಎನ್ನುತ್ತದೆ. ಇನ್ನೊಂದು ಬಿಲ್ಲು. ಇದು ಯುಟಿಸಿಯಲ್ಲೇ ಕೂತಿತು. ಮತ್ತೊಂದು. ಹಳೆಯದು ಒಂದು ಲೆಕ್ಕ, ಹೊಸದು ಒಂದು ಲೆಕ್ಕ, ಎರಡೂ ಒಂದೇ ಕೋಷ್ಟಕದಲ್ಲಿ ಬೆರೆಯುತ್ತಿವೆ. ಈಗ ಹಿಂದಿನ ಆವೃತ್ತಿಗೆ ಮರಳಿದರೆ ಹಳೆಯವು ಸರಿಹೋಗುತ್ತವೆ, ಹೊಸವು ಸಂಜೆಗೆ ಜಾರುತ್ತವೆ. ತಡಮಾಡಿದಷ್ಟೂ ಕಲಬೆರಕೆ.

ಬಾಗಿಲಲ್ಲಿ ಲಾರಿ ಎಂಜಿನ್ ಆರಿಸದೆ ನಿಂತಿದೆ. "ಕೌಂಟರ್ ನಿಲ್ಲಿಸಿ," ಎನ್ನುತ್ತೀರಿ. ಅಂಗಡಿಯ ಸದ್ದೆಲ್ಲ ನಿಮ್ಮತ್ತ ತಿರುಗಿದಂತೆ ಅನಿಸುತ್ತದೆ. ಗುಮಾಸ್ತರು ಮಾತಾಡದೆ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕ ಬಿಚ್ಚಿ ಪೆನ್ನು ಹಿಡಿಯುತ್ತಾರೆ.

ಬ್ಯಾಕಪ್ ತೆಗೆಯುತ್ತೀರಿ. ಯೂಸ್-ಟೀಝಡ್, ಫಾಲ್ಸ್: ಒಂದು ಸಾಲು. ಅಪ್‌ಗ್ರೇಡ್ ಆದ ಮೇಲಿನ ಬಿಲ್ಲುಗಳನ್ನು ಕ್ರಮಸಂಖ್ಯೆಯಿಂದ ಹೆಕ್ಕುತ್ತೀರಿ. ಏಳು. ಎರಡು ಸಲ ಎಣಿಸುತ್ತೀರಿ. ಏಳಕ್ಕೆ ಮಾತ್ರ ಐದೂವರೆ ಗಂಟೆ ಕೂಡಿಸಬೇಕು, ಎಂಟನೆಯದನ್ನು ಮುಟ್ಟಿದರೆ ಮುಗಿಯಿತು. ಎಂಟರ್ ಕೀಲಿಯ ಮೇಲೆ ಬೆರಳು ಒಂದು ಕ್ಷಣ ತಡೆಯುತ್ತದೆ. ಒತ್ತುತ್ತೀರಿ.

ಪರದೆಯ ಮೇಲೆ 9:15 ಮರಳಿದೆ. ಗುಮಾಸ್ತರು ಕನ್ನಡಕ ಏರಿಸಿ ನೋಡುತ್ತಾರೆ, ಖಾತೆಯಲ್ಲಿ ಬರೆಯುತ್ತಿದ್ದ ಸಾಲನ್ನು ಮಾತ್ರ ಮುಗಿಸುತ್ತಾರೆ, ಆಮೇಲೆ ಪ್ರಿಂಟರಿನತ್ತ ಕೈ ಚಾಚುತ್ತಾರೆ.