ಮುಂದಿನವರ ಬೆನ್ನು

ಬಚ್ಚಲೊಲೆಗೆ ಇನ್ನೊಂದು ಕುಂಟೆ ತಳ್ಳು ಪುಟ್ಟಿ. ಮಳೆ ನಿಲ್ಲೋ ಹಾಗಿಲ್ಲ, ಕರೆಂಟು ಬರೋ ಹಾಗೂ ಇಲ್ಲ. ಲೇಹ್ ಓಟದ ಕಥೆ ಹೇಳು ದೊಡ್ಡಪ್ಪ ಅಂತ ಎಷ್ಟು ಸಲ ಕೇಳಿದ್ದೀಯ, ಇವತ್ತು ಹೇಳಿಬಿಡ್ತೀನಿ.

2018ರ ಸೆಪ್ಟೆಂಬರ್. ನನಗಾಗ 51 ವರ್ಷ. ಅದಕ್ಕೆ ಮೊದಲು ಆರು ತಿಂಗಳು, ವಾರಕ್ಕೆರಡು ಸಲ ಬೆಳಗಿನ ಜಾವ ಸೋಮೇಶ್ವರದಿಂದ ಆಗುಂಬೆ ಘಾಟಿ ಓಡಿ ಹತ್ತುತ್ತಿದ್ದೆ. 14 ತಿರುವು. ಮೊದಲ ಬಸ್ಸಿನ ಡ್ರೈವರು ನನ್ನ ಗುರುತು ಹಿಡಿದು ಲೈಟು ಮಿಣುಕಿಸುತ್ತಿದ್ದ. ಕಾಲಿನ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಆದರೆ ಲೇಹ್ ಇರೋದು 3,500 ಮೀಟರ್ ಎತ್ತರದಲ್ಲಿ. ವಿಮಾನ ಇಳಿದ ದಿನ ಗೆಸ್ಟ್‌ಹೌಸಿನ ಒಂದು ಮಹಡಿ ಹತ್ತಿ ಮಂಚದ ಮೇಲೆ ಕೂತರೆ ಎದೆ ಡವಡವ ಅಂತಿತ್ತು. ರಾತ್ರಿಯಿಡೀ ತಲೆಸಿಡಿತ.

ಅಲ್ಲಿ ಆಮ್ಲಜನಕ ಕಡಿಮೆ ಅಂತಾರಲ್ಲ, ಅದನ್ನ ಸ್ವಲ್ಪ ಸರಿಯಾಗಿ ತಿಳಕೋ. ಗಾಳಿಯಲ್ಲಿ ಅದರ ಪಾಲು ಅಲ್ಲೂ ಶೇಕಡಾ 21ರಷ್ಟೇ. ಗಾಳಿಯ ಒತ್ತಡವೇ ನಮ್ಮ ಕರಾವಳಿಯ ಮೂರನೇ ಎರಡು ಭಾಗದಷ್ಟು ಆಗೋದರಿಂದ ಒಂದು ಉಸಿರಿಗೆ ದಕ್ಕೋದು ಅಷ್ಟೇ. ಮೊದಲು ಉಸಿರು, ಎದೆಬಡಿತ ಎರಡೂ ಜೋರಾಗ್ತವೆ. ಹೊಸ ರಕ್ತಕಣ ಸಾಕಷ್ಟು ಹುಟ್ಟೋಕೆ ವಾರಗಳೇ ಬೇಕು. ನನ್ನ ಹತ್ತಿರ ಇದ್ದದ್ದು ಹತ್ತು ದಿನ. ಮೊದಲೆರಡು ದಿನ ಬರೀ ಮಲಗಿದ್ದೆ, ಆಮೇಲೆ ನಡೆದೆ, ಆರನೇ ದಿನ ಓಡಿದೆ.

ಗೆಸ್ಟ್‌ಹೌಸ್ ನಡೆಸುತ್ತಿದ್ದ ತಾಯಿಯನ್ನು ಎಲ್ಲರೂ ಅಮಾಲೇ ಅಂತ ಕರೀತಿದ್ದರು. ಆಕೆಗೆ ನಮ್ಮ ಆಗುಂಬೆಯ ಮಳೆಯ ಬಗ್ಗೆ ಹೇಳಿದೆ. ಆಷಾಢದಲ್ಲಿ ಒಂದು ಜೋರು ದಿನ ನಮ್ಮಲ್ಲಿ ಬೀಳೋವಷ್ಟು ಮಳೆ ಲೇಹ್‌ಗೆ ಇಡೀ ವರ್ಷಕ್ಕೆ. ಆಕೆ ನಗಲಿಲ್ಲ. 2010ರ ಆಗಸ್ಟಿನ ಒಂದು ರಾತ್ರಿ ಅಲ್ಲಿ ಮೇಘಸ್ಫೋಟ ಆಗಿದ್ದನ್ನ ಹೇಳಿದಳು. ಮಣ್ಣಿನ ಗೋಡೆಯ ಮನೆಗಳು ಕೆಸರಾಗಿ ಹರಿದು ಇನ್ನೂರಕ್ಕೂ ಹೆಚ್ಚು ಜನ ಹೋದರು. ಚೋಗ್ಲಮ್ಸರ್ ಊರಿಗೆ ಬಿದ್ದ ಪೆಟ್ಟು ದೊಡ್ಡದು. ಅದಾಗಿ ಎರಡು ವರ್ಷಕ್ಕೆ, 2012ರಲ್ಲಿ, ಲಡಾಖ್ ಮ್ಯಾರಥಾನ್ ಶುರುವಾಯಿತು. ಅಮಾಲೇ ಹೇಳಿದ್ದು ಕೇಳಿದ ಮೇಲೆ ಆ ಮಣ್ಣಿನ ಮೇಲೆ ಹಗುರವಾಗಿ ಕಾಲಿಡಬೇಕು ಅನ್ನಿಸಿತು.

ಓಟದ ಬೆಳಿಗ್ಗೆ ಬೆರಳು ಸೆಟೆದುಕೊಳ್ಳೋ ಚಳಿ. ಎದುರಿಗೆ ಸ್ತೋಕ್ ಕಾಂಗ್ರಿ ಶಿಖರಕ್ಕೆ ಮಾತ್ರ ಬಿಸಿಲು ಬಿದ್ದಿತ್ತು. ನಾನು ಓಡಿದ್ದು ಅರ್ಧ ಮ್ಯಾರಥಾನ್, ಅಂದರೆ 21 ಕಿಲೋಮೀಟರಿಗೆ ಒಂದಿಷ್ಟು ಮೀಟರ್ ಮೇಲೆ. ಮೊದಲು ಸಿಂಧೂ ನದಿಯ ಕಡೆಗೆ ಇಳುಕಲು. ಅಲ್ಲೇ ನೋಡು ಮನಸ್ಸು ಕೆಡೋದು. ನೂರಾರು ಜನ ನನ್ನನ್ನ ದಾಟಿ ಹೋದರು, ನನ್ನ ವಯಸ್ಸಿನವರೂ ಹೋದರು. ನಾನು ಹಲ್ಲುಕಚ್ಚಿ ತಡೆದುಕೊಂಡೆ. ಘಾಟಿ ಇಳಿದು ಗೊತ್ತಿತ್ತಲ್ಲ, ಇಳಿಜಾರಿನಲ್ಲಿ ತೊಡೆಯ ಸ್ನಾಯು ಎಳೆದುಕೊಂಡೇ ಮೈಭಾರ ತಡೀಬೇಕು, ಅಲ್ಲಿ ಸೋತ ತೊಡೆ ಏರಿನಲ್ಲಿ ಕೈಕೊಡುತ್ತೆ.

ದಾರಿಯುದ್ದಕ್ಕೂ ಪಾಪ್ಲರ್ ಮರದ ಸಾಲು. ಗೊಂಚಾ ನಿಲುವಂಗಿ ತೊಟ್ಟ ಅಜ್ಜಿಯರು "ಜೂಲೇ, ಜೂಲೇ" ಅನ್ನುತ್ತಿದ್ದರು, ಮಕ್ಕಳು ಅಂಗೈ ಚಾಚಿ ನಿಂತಿದ್ದರು. ತಣ್ಣಗಿನ ಪುಟ್ಟ ಅಂಗೈಗಳು ಪುಟ್ಟಿ, ಈಗಲೂ ನನ್ನ ಕೈಗೆ ನೆನಪಿದೆ.

13ನೇ ಕಿಲೋಮೀಟರಿಗೆ ಏರು. ಕಡಿದಾದ ಏರಲ್ಲ, ಘಾಟಿಯ ತಿರುವಿನ ಹಾಗೆ ಮುಗಿಯೋದೂ ಇಲ್ಲ. ಕಣ್ಣಿಗೆ ಸಮತಟ್ಟು ಅನ್ನಿಸುತ್ತೆ, ಎದೆಗೆ ಮಾತ್ರ ಗೊತ್ತು. ಅಲ್ಲಿ ನನ್ನ ಮುಂದೆ ಕಂದು ಜೆರ್ಸಿಯ ಒಂದು ಬೆನ್ನು ಸಿಕ್ಕಿತು. ಕತ್ತಿನ ಹಿಂದೆ ಪೂರ್ತಿ ನರೆತ ಕೂದಲು. ನನ್ನ ವಯೋವರ್ಗದವರೇ ಅಂತ ಗೊತ್ತಾಯಿತು. ಅವರನ್ನ ಹಿಡೀಲೇಬೇಕು ಅಂದುಕೊಂಡೆ. ಎರಡು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಮೂವತ್ತು ಮಾರು ಇದ್ದದ್ದು ಇಪ್ಪತ್ತಾಯಿತು, ಹತ್ತಾಯಿತು. ಅಲ್ಲಿಂದ ಕಮ್ಮಿ ಆಗಲೇ ಇಲ್ಲ. ನಾನು ಜೋರು ಮಾಡಿದರೆ ಅವರೂ ಜೋರು, ನಾನು ನಿಧಾನ ಮಾಡಿದರೆ ಅವರೂ ನಿಧಾನ. ಒಮ್ಮೆಯೂ ತಿರುಗಿ ನೋಡಲಿಲ್ಲ.

18ರ ಹತ್ತಿರ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಒಣಧೂಳು ಗಂಟಲಿಗೆ ಹೋಗಿ ಜೋರಾಗಿ ಕೆಮ್ಮಿ, ನಾಲ್ಕು ಹೆಜ್ಜೆ ನಡೆದುಬಿಟ್ಟೆ. ಮುಂದಿನ ಬೆನ್ನೂ ತಡವರಿಸಿದ ಹಾಗೆ ಕಂಡಿತು. ಆಮೇಲೆ ಮತ್ತೆ ಓಡತೊಡಗಿದೆ, ಅದೂ ಮುಂದಕ್ಕೆ ಸರಿಯಿತು. ಕೊನೆಯ ಕಿಲೋಮೀಟರು ನನಗೆ ರಸ್ತೆ ಕಂಡದ್ದೇ ನೆನಪಿಲ್ಲ. ಅವರು ನನಗಿಂತ ಒಂಬತ್ತು ಸೆಕೆಂಡು ಮೊದಲು ಗೆರೆ ದಾಟಿದರು. ನನ್ನದು 2 ಗಂಟೆ 9 ನಿಮಿಷ.

ಕಂಬಳಿ ಹೊದ್ದು ಬಿಸಿಲಿಗೆ ಕೂತಿದ್ದೆ. ಅವರೇ ಹುಡುಕಿಕೊಂಡು ಬಂದರು. ಕುಮಾವೂನಿನವರಂತೆ, ಸೈನ್ಯದಿಂದ ನಿವೃತ್ತರು. ಎಂಟು ಕಿಲೋಮೀಟರ್ ಬೆನ್ನಷ್ಟೇ ನೋಡಿದವನಿಗೆ ಮುಖ ಕಂಡಿದ್ದು ಆಗಲೇ.

"ಹಿಂದೆ ಕೆಮ್ಮಿದ್ದು ನೀವೇ ತಾನೇ?" ಅಂತ ಹಿಂದಿಯಲ್ಲಿ ಕೇಳಿದರು. ಹೌದು ಅಂದೆ.

"ನನ್ನ ಕಾಲು 15ಕ್ಕೇ ಮುಗಿದಿತ್ತು. ನಿಮ್ಮ ಉಸಿರಿನ ಸದ್ದು ಕೇಳಿಸುತ್ತಿತ್ತಲ್ಲ, ಅದಕ್ಕೆ ಓಡುತ್ತಿದ್ದೆ. ಆ ಕೆಮ್ಮಿನ ಮೇಲೆ ಸದ್ದು ನಿಂತಾಗ ಗಾಬರಿ ಆಯಿತು. ಇವರು ನಿಂತರೆ ನಾನೂ ನಿಂತೆ ಅಂದುಕೊಂಡೆ" ಅಂದರು.

ಜೇಬಿನಿಂದ ಒಣ ಜಲ್ದರು ಹಣ್ಣು ತೆಗೆದು ನನ್ನ ಅಂಗೈಗೆ ಸುರಿದರು. ಹಣ್ಣು ತಿಂದೆವು. ಬೀಜಗಳನ್ನ ಅವರೇ ಕಲ್ಲಿನಲ್ಲಿ ಒಡೆದು, ತಿರುಳು ತೆಗೆದು, ಒಂದು ತಮಗೆ ಒಂದು ನನಗೆ ಅಂತ ಕಲ್ಲಿನ ಮೇಲೆ ಸಾಲಾಗಿ ಇಡುತ್ತಾ ಹೋದರು.