ನಾವು ಹತ್ತದ ದೋಣಿ

ಕೋಲಾರ ಜಿಲ್ಲೆಯ ಹೆಂಗಸರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟ್ಯಾಂಕರ್ ಬಂದ ಸದ್ದು ಕೇಳಿದೊಡನೆ ಒಲೆಯ ಮೇಲಿನ ಸಾರು ಇಳಿಸಿ, ಕೊಡ ಹಿಡಿದು ಓಡಿದವರು ನಾವು. ನಮ್ಮದು ಸಾವಿರಾರು ಕೆರೆಗಳ ಜಿಲ್ಲೆ, ಆದರೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿಬೆಟ್ಟದ ಬಳಿ ಹುಟ್ಟುವ ಪಾಲಾರ್ ನಮ್ಮ ನೆಲದ ಮೇಲೆಯೇ ಹಾದು ತಮಿಳುನಾಡಿಗೆ ಹೋಗುತ್ತದೆ. ಹೋಗುವುದು ಹೆಚ್ಚಾಗಿ ಮರಳಿನ ಹಾದಿ, ನೀರಲ್ಲ. ಹೀಗಾಗಿ ನಮ್ಮ ಮಕ್ಕಳು ಕೆರೆಯಂಗಳದಲ್ಲಿ ಕ್ರಿಕೆಟ್ ಆಡುತ್ತಾ ಬೆಳೆದರು. ದೋಣಿಯನ್ನು ಅವರು ನೋಡಿದ್ದು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ.

ಆದ್ದರಿಂದ ಗಣರಾಜ್ಯೋತ್ಸವದ ರಜೆಗೆ ಭಾನುವಾರವೂ ಸೇರಿಕೊಂಡಾಗ, ಎಲ್ಲಿಗೆ ಹೋಗೋಣವೆಂಬ ಪ್ರಶ್ನೆಗೆ ಮಕ್ಕಳ ಉತ್ತರ ಒಂದೇ ಆಗಿತ್ತು: "ದೋಣಿ ಇರುವ ಊರಿಗೆ." ಚೆನ್ನೈಯಲ್ಲಿರುವ ನಾದಿನಿ ಫೋನ್ ಮಾಡಿ, "ಭಾಭಿ, ಪುಲಿಕಾಟ್‌ಗೆ ಬನ್ನಿ. ಸರೋವರವೂ ಇದೆ, ಸಮುದ್ರವೂ ಇದೆ, ಹಳೆಯ ಮಸೀದಿಗಳೂ ಇವೆ" ಎಂದಳು. ಮುಳಬಾಗಿಲಿನಿಂದ ನಾನು, ನನ್ನ ಪತಿ, ಮೂವರು ಮಕ್ಕಳು, ಎಪ್ಪತ್ತು ದಾಟಿದ ಅತ್ತೆ ಹೊರಟೆವು. ಶ್ರೀನಿವಾಸಪುರ ನನ್ನ ತವರು. ಅಲ್ಲಿಂದ ಬಂದಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಎರಡು ಭರಣಿಗಳೂ ನಾದಿನಿಗಾಗಿ ಜೊತೆಗಿದ್ದವು.

ದಾರಿಯಲ್ಲಿ

ನಂಗಲಿ ದಾಟಿದರೆ ಆಂಧ್ರ. ಪಲಮನೇರು ಕಳೆದು ಚಿತ್ತೂರಿನ ಹತ್ತಿರ ಬಂದಾಗ ಪತಿ ಮಕ್ಕಳಿಗೆ ಒಂದು ಮಾತು ಹೇಳಿದರು. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ ಕೊನೆಯುಸಿರೆಳೆದದ್ದು ಇದೇ ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯಲ್ಲಿ, 1782ರ ಡಿಸೆಂಬರ್ 7ರಂದು. ಅವರ ಪಾರ್ಥಿವ ಶರೀರವನ್ನು ಮೊದಲು ಕೋಲಾರಕ್ಕೆ ತಂದು, ಅವರ ತಂದೆಯ ಮಕ್ಬರಾ ಇರುವಲ್ಲಿ ಇರಿಸಿ, ಆಮೇಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. "ಹಾಗಾದರೆ ನಾವು ಹೋಗುತ್ತಿರುವ ದಾರಿಯಲ್ಲೇ ಅವರು ಬಂದದ್ದಾ?" ಎಂದು ದೊಡ್ಡವಳು ಕೇಳಿದಳು. ಹೆಚ್ಚುಕಡಿಮೆ ಹಾಗೆಯೇ.

ಚೆನ್ನೈಯಲ್ಲಿ ರಾತ್ರಿ ಕಳೆದು, ಮರುದಿನ ಬೆಳಿಗ್ಗೆ ನಾದಿನಿಯ ಸಂಸಾರವನ್ನೂ ಕರೆದುಕೊಂಡು ಉತ್ತರಕ್ಕೆ ಹೊರಟೆವು. ಪುಲಿಕಾಟ್ ಅಲ್ಲಿಂದ ಸುಮಾರು 60 ಕಿ.ಮೀ. ಸ್ವಂತ ವಾಹನವಿಲ್ಲದವರು ಗುಮ್ಮಿಡಿಪೂಂಡಿ ಕಡೆಯ ಲೋಕಲ್ ರೈಲಿನಲ್ಲಿ ಪೊನ್ನೇರಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬಹುದು.

ಊರಿನ ಹಿಂದಿನ ಊರು

ತಮಿಳಿನಲ್ಲಿ ಈ ಊರಿಗೆ ಪಳವೇರ್ಕಾಡು ಎನ್ನುತ್ತಾರೆ. ಸರೋವರಕ್ಕೆ ತೆಲುಗಿನವರು ಇಟ್ಟ ಹೆಸರು ಪ್ರಳಯ ಕಾವೇರಿ. ಒಡಿಶಾದ ಚಿಲಿಕಾ ಬಿಟ್ಟರೆ ನಮ್ಮ ದೇಶದ ಅತಿ ದೊಡ್ಡ ಉಪ್ಪುನೀರಿನ ಸರೋವರ ಇದೇ. ಇದರ ಹೆಚ್ಚಿನ ಭಾಗ ಆಂಧ್ರದಲ್ಲಿದೆ, ದಕ್ಷಿಣದ ತುದಿ ಮಾತ್ರ ತಮಿಳುನಾಡಿನಲ್ಲಿ. ಒಳಗೆ ಸಿಹಿನೀರಿನ ಹೊಳೆಗಳು ಬಂದು ಸೇರುತ್ತವೆ, ಹೊರಗಿನಿಂದ ಅಳಿವೆಯ ಮೂಲಕ ಸಮುದ್ರ ಬಂದು ಸೇರುತ್ತದೆ. ಸಮುದ್ರಕ್ಕೂ ಸರೋವರಕ್ಕೂ ನಡುವೆ ಉದ್ದಕ್ಕೆ ಮಲಗಿರುವ ದ್ವೀಪವೇ ಶ್ರೀಹರಿಕೋಟಾ, ರಾಕೆಟ್ ಹಾರುವ ಜಾಗ.

ಈಗ ನೋಡಿದರೆ ಮೀನಿನ ವಾಸನೆಯ ಒಂದು ಸಣ್ಣ ಊರು. ಆದರೆ ಒಂದು ಕಾಲಕ್ಕೆ ಇದು ವಿಜಯನಗರ ಸಾಮ್ರಾಜ್ಯದ ಪೂರ್ವ ಕರಾವಳಿಯ ದೊಡ್ಡ ಬಂದರು. ನಮ್ಮ ಮುಳಬಾಗಿಲು ಕೂಡ ಆಗ ಮುಳುವಾಯಿ ರಾಜ್ಯವೆಂದು ಅದೇ ಸಾಮ್ರಾಜ್ಯದ ಒಂದು ಪ್ರಾಂತ್ಯವಾಗಿತ್ತು. ಬೆಟ್ಟದ ಮೇಲಿನ ನಮ್ಮ ಊರೂ ಕಡಲ ತೀರದ ಈ ಊರೂ ಒಂದೇ ರಾಜ್ಯದ ಮಕ್ಕಳೆಂದಾಗ ಅತ್ತೆಗೆ ಬಹಳ ಸಂತೋಷವಾಯಿತು. "ಹಾಗಾದರೆ ನೆಂಟರ ಮನೆಗೇ ಬಂದಿದ್ದೇವೆ" ಎಂದರು.

16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಬಂದರು. ಅದರ ನಂತರ ಡಚ್ಚರು. ಆಗ ಈ ಊರು ವಿಜಯನಗರದ ಅರಸ ವೆಂಕಟಪತಿರಾಯನ ರಾಣಿಯೊಬ್ಬಳ ಆಡಳಿತದಲ್ಲಿತ್ತು. ಡಚ್ಚರ ಕೋಠಿಯನ್ನು 1612ರಲ್ಲಿ ಪೋರ್ಚುಗೀಸರು ನಾಶ ಮಾಡಿದ ಮೇಲೆ, 1613ರಲ್ಲಿ ಅಲ್ಲಿ ಗೆಲ್ಡ್ರಿಯಾ ಎಂಬ ಕೋಟೆ ಎದ್ದಿತು. 1690ರಲ್ಲಿ ನಾಗಪಟ್ಟಣಕ್ಕೆ ಹೋಗುವ ತನಕ ಕೋರಮಂಡಲ ತೀರದ ಡಚ್ಚರ ಮುಖ್ಯ ಠಾಣೆ ಇದೇ ಆಗಿತ್ತು. ಕೊನೆಗೆ 1825ರಲ್ಲಿ ಊರು ಬ್ರಿಟಿಷರ ಕೈಸೇರಿತು. ಅಷ್ಟರಲ್ಲಿ ಮದರಾಸು ಬೆಳೆದಿತ್ತು, ಪುಲಿಕಾಟ್ ಸೊರಗಿತ್ತು.

ಕೋಟೆಯಿದ್ದಲ್ಲಿ ಈಗ ಮುಳ್ಳುಕಂಟಿ, ಮಣ್ಣಿನ ದಿಬ್ಬ ಮತ್ತು ಕಂದಕದ ಗುರುತು ಅಷ್ಟೇ. ಎದುರಿನ ಡಚ್ಚರ ಸ್ಮಶಾನವನ್ನು ಮಾತ್ರ ಪುರಾತತ್ವ ಇಲಾಖೆ ಕಾಪಾಡಿಕೊಂಡು ಬಂದಿದೆ. ಬಾಗಿಲಿನ ಎರಡೂ ಬದಿಯಲ್ಲಿ ಕಲ್ಲಿನಲ್ಲಿ ಕೆತ್ತಿದ ಅಸ್ಥಿಪಂಜರಗಳು. ಚಿಕ್ಕವನು ಹೆದರಿ ನನ್ನ ಬುರ್ಖಾ ಹಿಡಿದುಕೊಂಡ. ಸಮಾಧಿಗಳ ಮೇಲೆ ನುಣುಪಾದ ಕಲ್ಲಿನಲ್ಲಿ ಹೂಬಳ್ಳಿ, ವಂಶದ ಲಾಂಛನ, ಹೆಸರು, ತಾರೀಕು. ಇಷ್ಟು ದೂರ ಬಂದು ಮಡಿದವರ ಹೆಸರುಗಳು 300-400 ವರ್ಷಗಳ ನಂತರವೂ ಓದುವಂತಿವೆ. ಆದರೆ ಇದೇ ಬಂದರಿನಿಂದ, ಯುದ್ಧ ಮತ್ತು ಬರಗಾಲದ ವರ್ಷಗಳಲ್ಲಿ, ಈ ನಾಡಿನ ಬಡವರನ್ನು ಗುಲಾಮರನ್ನಾಗಿ ಹಡಗಿಗೆ ಹತ್ತಿಸಿ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ, ಸಾಗಿಸಲಾಗಿತ್ತು. ಅವರ ಹೆಸರು ಇಲ್ಲಿನ ಯಾವ ಕಲ್ಲಿನ ಮೇಲೂ ಇಲ್ಲ. ಬರಗಾಲದಲ್ಲಿ ತಾಯಂದಿರು ಮಕ್ಕಳನ್ನು ಹೇಗೆ ಕಳೆದುಕೊಂಡಿರಬಹುದೆಂದು ಯೋಚಿಸುತ್ತಾ ನಾವು ಹೆಂಗಸರು ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆವು.

ಲುಂಗಿಯ ಊರು

ಈ ಊರಿನ ಹೆಸರು ನಿಮ್ಮ ಮನೆಯಲ್ಲೂ ಇದ್ದೀತು. ಗಂಡಸರು ಉಡುವ ಚೌಕಳಿಯ ಲುಂಗಿಗೆ ಅಂಗಡಿಯವರು "ಪಳಯಕಾಟ್" ಎನ್ನುವುದನ್ನು ಕೇಳಿರಬಹುದು. ಅದು ಇದೇ ಪುಲಿಕಾಟ್. ಇಲ್ಲಿನ ಬಟ್ಟೆ ಹಡಗಿನಲ್ಲಿ ಜಾವಾ, ಮಲಯ ದೇಶಗಳಿಗೆ ಹೋಗುತ್ತಿತ್ತು, ಅಲ್ಲಿಂದ ಲವಂಗ, ಜಾಯಿಕಾಯಿ ಬರುತ್ತಿತ್ತು. ಮಲೇಷ್ಯಾದ ಮುಸ್ಲಿಮರು ಇಂದಿಗೂ ನಮಾಝಿಗೆ ಹೋಗುವಾಗ ಉಡುವ ಚೌಕಳಿಯ ಲುಂಗಿಯನ್ನು "ಪೆಲಿಕಾಟ್" ಎಂದೇ ಕರೆಯುತ್ತಾರೆ. ಮನೆಯ ಹಗ್ಗದ ಮೇಲೆ ದಿನಾ ಒಣಗಿ ಹಾಕುವ ಬಟ್ಟೆಗೆ ಇಷ್ಟು ದೊಡ್ಡ ಚರಿತ್ರೆ!

ಆ ವ್ಯಾಪಾರದಲ್ಲಿ ಮರಕ್ಕಾಯರ್ ಎಂಬ ತಮಿಳು ಮುಸ್ಲಿಮರು ಮುಂದಿದ್ದರು. ನಮ್ಮ ಕರಾವಳಿಯ ಬ್ಯಾರಿಗಳಂತೆ, ಭಟ್ಕಳದ ನವಾಯತರಂತೆ ಇವರೂ ಕಡಲನ್ನು ನಂಬಿ ಬಾಳಿದವರು. ತಮಿಳನ್ನು ಅರಬಿ ಅಕ್ಷರದಲ್ಲಿ ಬರೆಯುವ ಅರ್ವಿ ಎಂಬ ಬರಹ ಅವರದು. ಊರಿನ ಸಣ್ಣ ಮಸೀದಿಯ ಅಂಗಳದಲ್ಲಿ ನೆರಳು ನೋಡಿ ನಮಾಝಿನ ಹೊತ್ತು ತಿಳಿಯುವ ಒಂದು ಸೂರ್ಯ ಗಡಿಯಾರವಿದೆ. ಗಂಡುಮಕ್ಕಳು ಝುಹ್ರ್ ನಮಾಝಿಗೆ ಹೋದಾಗ ಅದನ್ನು ನೋಡಿಕೊಂಡು ಬಂದು, ಕೈಗಡಿಯಾರದೊಂದಿಗೆ ಹೋಲಿಸಿ ವಾದ ಮಾಡತೊಡಗಿದರು.

ನಾವು ಹೆಂಗಸರು ನಮಾಝ್ ಮಾಡಿದ್ದು ನಾದಿನಿಯ ಪರಿಚಯದ ಒಬ್ಬರ ಮನೆಯಲ್ಲಿ. ಆ ಮನೆಯ ತಾಯಿ ಮಗಳು ಇಬ್ಬರೂ ತಾಳೆಗರಿಯಲ್ಲಿ ಡಬ್ಬಿ, ಬುಟ್ಟಿ ಹೆಣೆಯುತ್ತಾರೆ. ಇಲ್ಲಿನ ಮುಸ್ಲಿಮ್ ಮಹಿಳೆಯರಲ್ಲಿ ಇದು ಹಿಂದಿನಿಂದ ಬಂದ ಕಸುಬು. ಗರಿಯನ್ನು ಒಣಗಿಸಿ, ಸೀಳಿ, ಬಣ್ಣ ಕೊಟ್ಟು, ಮುಚ್ಚಳ ಸರಿಯಾಗಿ ಕೂರುವಂತೆ ಹೆಣೆಯುವುದು ಸುಲಭದ ಕೆಲಸವಲ್ಲ. ಅತ್ತೆ ಚಿಕ್ಕಂದಿನಲ್ಲಿ ಈಚಲು ಚಾಪೆ ಹೆಣೆದವರು. ಅವರಿಗೆ ತಮಿಳು ಬಾರದು, ಆ ತಾಯಿಗೆ ಉರ್ದು ಬಾರದು. ಆದರೂ ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೇ ಬುಟ್ಟಿಗೆ ಕೈಹಾಕಿ ಕುಳಿತಿದ್ದರು. ನನ್ನ ಗಡಿನಾಡಿನ ಹರಕುಮುರುಕು ತಮಿಳು, ತೆಲುಗು ನಡುವೆ ದುಭಾಷಿಯಾಯಿತು. "ಬಂದರು ಹೋಯಿತು, ಹಡಗು ಹೋಯಿತು. ಈ ಕೈ ಮಾತ್ರ ಉಳಿದಿದೆ" ಎಂದು ಆ ತಾಯಿ ನಕ್ಕರು.

ಊಟಕ್ಕೆ ಅವರು ಏಡಿಯ ಸಾರು ಬಡಿಸಲು ಬಂದರು. ಅವರು ಶಾಫಿಈಗಳು, ನಾವು ಹನಫಿಗಳು. ನಮ್ಮಲ್ಲಿ ಏಡಿ ತಿನ್ನುವ ರೂಢಿಯಿಲ್ಲವೆಂದು ತಿಳಿದೊಡನೆ ಬೇಸರಿಸದೆ ಮೀನು ಹುರಿದು ಕೊಟ್ಟರು. ಕಾರಿನಲ್ಲಿದ್ದ ಉಪ್ಪಿನಕಾಯಿಯ ಒಂದು ಭರಣಿ ನಾದಿನಿಗೆ ಸಿಗಲಿಲ್ಲ, ಅವರ ಅಡುಗೆಮನೆ ಸೇರಿತು.

ದಡದಲ್ಲಿ

ಇನ್ನು ಮಕ್ಕಳ ದೋಣಿಯ ಮಾತು. ಸಂಜೆ ಸರೋವರದ ದಡಕ್ಕೆ ಹೋದೆವು. ಉದ್ದಕ್ಕೂ ಬಣ್ಣಬಣ್ಣದ ಮೀನುಗಾರರ ದೋಣಿಗಳು. ಒಬ್ಬ ಯುವಕ ಬಂದು ಅಳಿವೆಯ ತನಕ ಕರೆದುಕೊಂಡು ಹೋಗಿ ಬರುತ್ತೇನೆಂದ. ನಾವು ಮಕ್ಕಳು ಸೇರಿ ಹನ್ನೊಂದು ಮಂದಿ. ಒಂದೇ ದೋಣಿ ಸಾಕೆಂದ. ಮಕ್ಕಳು ಆಗಲೇ ಚಪ್ಪಲಿ ಕಳಚಿದ್ದರು. ಪತಿ ಹಣ ಎಣಿಸುತ್ತಿದ್ದರು.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಬೇಟಾ, ನೀರಿಗೆ ಬಿದ್ದರೆ ತೇಲಿಸುವ ಅಂಗಿ ಎಲ್ಲಿ?"

ಯುವಕ ನಕ್ಕ. ನಾವು ಇಲ್ಲೇ ಹುಟ್ಟಿ ಬೆಳೆದವರು, ನೀರು ಸೊಂಟದ ಮಟ್ಟ ಮಾತ್ರ, ಭಯ ಬೇಡ ಎಂದ. ಪಕ್ಕದಲ್ಲಿ ಬಲೆ ಸರಿಪಡಿಸುತ್ತಿದ್ದ ವೃದ್ಧರೊಬ್ಬರು ತಲೆಯೆತ್ತಿ, "ಬೇಡಮ್ಮಾ, ಮಕ್ಕಳಿದ್ದಾರೆ" ಎಂದು ತೆಲುಗಿನಲ್ಲಿ ಹೇಳಿದರು.

ಅವರು ಹೇಳಿದ ವಿಷಯ ಪತ್ರಿಕೆಗಳಲ್ಲಿ ಬಂದದ್ದೇ. 2011ರ ಡಿಸೆಂಬರ್ 25ರಂದು ಇಲ್ಲಿ ವಿಹಾರಕ್ಕೆ ಹೋದ ದೋಣಿ ಮಗುಚಿ 22 ಮಂದಿ ಪ್ರಾಣ ಕಳೆದುಕೊಂಡರು. ಎಲ್ಲರೂ ಒಂದೇ ಬಂಧುಬಳಗದವರು, ಹಬ್ಬದ ದಿನ ಸಂತೋಷಕ್ಕೆಂದು ಬಂದವರು. ಅನಂತರ ಜಿಲ್ಲಾಡಳಿತ ಪ್ರವಾಸಿಗರ ದೋಣಿವಿಹಾರವನ್ನು ನಿಷೇಧಿಸಿತು. ಆದರೂ ಕದ್ದುಮುಚ್ಚಿ ಕರೆದೊಯ್ಯುವವರು ಇದ್ದೇ ಇದ್ದಾರೆ. ಅವರನ್ನು ದೂರುವುದೂ ಸುಲಭವಲ್ಲ. ಅಳಿವೆಯಲ್ಲಿ ಮರಳು ತುಂಬಿಕೊಂಡರೆ ಸಮುದ್ರದ ನೀರೂ ಮೀನೂ ಒಳಗೆ ಬರುವುದಿಲ್ಲ. ಬಲೆ ಖಾಲಿಯಾದ ದಿನ ಪ್ರವಾಸಿಗರ ಹಣವೇ ಅವರ ಮನೆಯ ಅಕ್ಕಿ.

ಪತಿ ಹಣವನ್ನು ಜೇಬಿಗೆ ಹಾಕಿಕೊಂಡರು. ಚಿಕ್ಕವನು ಅತ್ತ. ದೊಡ್ಡವಳು ಮುಖ ಊದಿಸಿಕೊಂಡಳು. ಅತ್ತೆ ಮಾತ್ರ ಕದಲಲಿಲ್ಲ. "ಅತ್ತರೆ ಅಳಲಿ. ಅಳುವ ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಬಹುದು" ಎಂದರು.

ಸರೋವರದ ಮೇಲೆ ಈಗ ಸೇತುವೆಯಿದೆ. ಅದನ್ನು ದಾಟಿ ದೀಪಸ್ತಂಭದ ಕಡೆಗೆ ಹೋಗಿ ಸಮುದ್ರ ನೋಡಿದೆವು. ಅಲೆ ಜೋರಾಗಿತ್ತು, ಕಾಲು ತೋಯಿಸಿಕೊಂಡದ್ದಷ್ಟೇ. ಎಪ್ಪತ್ತು ವರ್ಷದಲ್ಲಿ ಅತ್ತೆ ಸಮುದ್ರ ನೋಡಿದ್ದು ಅದೇ ಮೊದಲು. "ಸುಬ್ಹಾನಲ್ಲಾಹ್" ಎಂದವರು ಬಹಳ ಹೊತ್ತು ಏನೂ ಹೇಳಲಿಲ್ಲ. ಮರುದಿನ ಸುಳ್ಳೂರುಪೇಟೆಯಿಂದ ಶ್ರೀಹರಿಕೋಟಾಕ್ಕೆ ಹೋಗುವ ರಸ್ತೆಯಲ್ಲಿ, ಸರೋವರದ ತೆಳುನೀರಿನಲ್ಲಿ ಸಾಲಾಗಿ ನಿಂತ ಫ್ಲೆಮಿಂಗೋಗಳನ್ನು ಕಂಡಾಗ ಮಕ್ಕಳು ದೋಣಿಯನ್ನು ಮರೆತರು. ಚಳಿಗಾಲದಲ್ಲಿ ಬರುವ ಈ ಹಕ್ಕಿಗಳನ್ನು ನೋಡಲು ದೋಣಿ ಬೇಕಿಲ್ಲ.

ನಮ್ಮ ಕೆರೆಗಳು ತುಂಬಿವೆ

ಊರಿಗೆ ಬಂದ ಮೇಲೂ ಆ ವೃದ್ಧರ ಮಾತು ನನ್ನನ್ನು ಬಿಟ್ಟಿಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ತುಂಬಿದ್ದ ದೋಣಿ ಮಗುಚಿ 22 ಮಂದಿ ಹೋದರು. ಅವರಲ್ಲಿ 11 ಮಂದಿ ಒಂದೇ ಮುಸ್ಲಿಮ್ ಕುಟುಂಬದವರು. ರಜೆಯ ಸಂಜೆ ಮಕ್ಕಳನ್ನು ಕರೆದುಕೊಂಡು ಹೊರಟ ತಾಯಂದಿರು, ನಮ್ಮಂಥವರೇ.

ಇದು ಕಡಲ ತೀರದವರ ಕಷ್ಟ ಮಾತ್ರ ಎಂದುಕೊಳ್ಳುವ ಕಾಲ ನಮಗೂ ಮುಗಿಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. 2021ರ ಮಳೆಗೆ ಅನೇಕ ಕೆರೆಗಳು ಕೋಡಿ ಹರಿದವು. ಒಣಗಿದ ಕೆರೆಯಲ್ಲಿ ಆಡಿ ಬೆಳೆದ ಮಕ್ಕಳ ಮುಂದೆ ಈಗ ಒಮ್ಮೆಲೇ ಆಳದ ನೀರು. ಹೂಳೆತ್ತಿದ ಗುಂಡಿ ಎಲ್ಲಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ. ನೀರಿಗಾಗಿ ದುಆ ಮಾಡಿದ ನಾವು ನೀರಿನೊಂದಿಗೆ ಬಾಳುವುದನ್ನೂ ಕಲಿಯಬೇಕಾಗಿದೆ.

ಸಹೋದರಿಯರೇ, ಪ್ರವಾಸ ಹೋಗಿ. ಪುಲಿಕಾಟ್‌ಗೂ ಹೋಗಿ, ನೋಡಲು ಬೇಕಾದಷ್ಟಿದೆ. ತಾಳೆಗರಿಯ ಒಂದು ಡಬ್ಬಿಯನ್ನಾದರೂ ಕೊಂಡು ಬನ್ನಿ. ಆದರೆ ಎಲ್ಲೇ ಆಗಲಿ, ದೋಣಿ ಹತ್ತುವ ಮೊದಲು ಮೂರು ಪ್ರಶ್ನೆ ಕೇಳಿ: ಇದಕ್ಕೆ ಅನುಮತಿ ಇದೆಯೇ? ಎಷ್ಟು ಜನ ಕೂರಬಹುದು? ಪ್ರತಿಯೊಬ್ಬರಿಗೂ, ಮಕ್ಕಳ ಅಳತೆಯದ್ದೂ ಸೇರಿ, ಲೈಫ್ ಜಾಕೆಟ್ ಇದೆಯೇ? ಮೂರರಲ್ಲಿ ಒಂದಕ್ಕೆ ಇಲ್ಲವೆಂದರೂ ದಡದಲ್ಲೇ ಉಳಿಯಿರಿ. ಗಂಡಸರು ಸಂಕೋಚದಿಂದ ಕೇಳದಿದ್ದರೆ ನೀವೇ ಕೇಳಿ.

ಮನೆಯಲ್ಲಿ ಈಗ ಇನ್ನೊಂದು ಮಾತು ನಡೆಯುತ್ತಿದೆ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಈಜು ಕಲಿಸಬೇಕೆಂದು ಪತಿ ಹೇಳಿದಾಗ, ಗಂಡುಮಕ್ಕಳ ಹೆಸರು ಮಾತ್ರ ಹೇಳಿದ್ದರು. ದೊಡ್ಡವಳು ಸುಮ್ಮನೆ ನನ್ನ ಮುಖ ನೋಡಿದಳು. ಉತ್ತರ ಕೊಟ್ಟವರು ಅತ್ತೆ: "ನೀರಿಗೆ ಗಂಡು ಹೆಣ್ಣು ಗೊತ್ತಾಗುತ್ತದಾ? ಹೆಂಗಸರಿಗೆ ಬೇರೆ ಹೊತ್ತು ಇರುವ, ಹೆಂಗಸರೇ ಕಲಿಸುವ ಈಜುಕೊಳ ಎಲ್ಲಿದೆ ಅಂತ ಹುಡುಕು. ಬೆಂಗಳೂರಿಗೆ ಹೋಗಬೇಕಾದರೂ ಸರಿ, ಜೊತೆಗೆ ನಾನು ಹೋಗಿ ಕೂರುತ್ತೇನೆ."

ಹುಡುಕುತ್ತಿದ್ದೇವೆ, ಇನ್‌ಶಾ ಅಲ್ಲಾಹ್.