ಶೋಲೆಯಲ್ಲಿ ಮೂಟೆ ಹೊತ್ತವರು ನಾವು

ರಾತ್ರಿ ಮೋಟರ್ ಕಾಯುವಾಗ ಮೊಬೈಲ್‌ನಲ್ಲಿ ಮತ್ತೆ ‘ಶೋಲೆ’ ನೋಡ್ದೆ. ಎಷ್ಟನೇ ಸಲವೋ ಲೆಕ್ಕ ಇಲ್ಲ. ನಮ್ಮ ಕುದೂರು ಕಡೆಯವರಿಗೆ ಹೇಳಬೇಕಿಲ್ಲ, ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳು ರಾಮನಗರದ ರಾಮದೇವರ ಬೆಟ್ಟದವು. 1973ರಲ್ಲಿ ಶೂಟಿಂಗ್ ಶುರುವಾಗಿ, 1975ರ ಆಗಸ್ಟ್ 15ಕ್ಕೆ ತೆರೆಗೆ ಬಂತು.

ತನ್ನ ಕಡೆಯ ಮೂವರ ತಲೆಗೇ ಪಿಸ್ತೂಲು ಹಿಡಿದು, ಗುಂಡು ಹಾರದೆ ಉಳಿದಾಗ ಅವರ ಜೊತೆ ಬಿದ್ದು ಬಿದ್ದು ನಕ್ಕು, ಆಮೇಲೆ ಸುಟ್ಟು ಬಿಸಾಡ್ತಾನಲ್ಲ, ಅಲ್ಲಿ ಈಗಲೂ ನಗು ಬರುತ್ತೆ. ಹಿಂದೆನೇ ಬೆನ್ನು ತಣ್ಣಗಾಗುತ್ತೆ.

ಈ ಸಲ ಕಣ್ಣಿಗೆ ಬಿದ್ದಿದ್ದು ಬೇರೆ. ಆ ಮೂವರು ಬಂದಿದ್ದು ಊರಿನ ಧಾನ್ಯ ವಸೂಲಿಗೆ. ಬೆಳೆದವರು ಮೂಟೆ ತಂದಿಟ್ಟು ತಲೆ ತಗ್ಗಿಸಿ ನಿಲ್ತಾರೆ. ಊರು ತುಂಬ ಜನ, ಬಂದವರು ಮೂರೇ. ಅವರನ್ನ ಕೇಳೋಕೆ ಠಾಕೂರ್ ಹೊರಗಿನಿಂದ ಇಬ್ಬರು ಕಳ್ಳರನ್ನ ದುಡ್ಡು ಕೊಟ್ಟು ಕರೆಸಬೇಕಾಯ್ತು.

ಮೊದಲು ತೆಗೆದಿದ್ದ ಕೊನೆಯಲ್ಲಿ ಠಾಕೂರ್ ಮೊಳೆ ಬೂಟಲ್ಲಿ ತುಳಿದು ಗಬ್ಬರ್‌ನ ಕೊಲ್ತಾನೆ. ತುರ್ತು ಪರಿಸ್ಥಿತಿ ಕಾಲದ ಸೆನ್ಸಾರ್ ಒಪ್ಪಲಿಲ್ಲ. ಪೊಲೀಸ್ ಬಂದು ಹಿಡ್ಕೊಂಡು ಹೋಗೋ ಹಾಗೆ ಬದಲಾಯ್ತು. ಎರಡು ಕೊನೆಯಲ್ಲೂ ಗಬ್ಬರ್‌ಗೆ ಎದುರು ನಿಂತಿದ್ದು ಮೂಟೆ ಹೊತ್ತವನಲ್ಲ, ಗಮನಿಸಿ.

ತೂಕದಲ್ಲಿ ಮೂಟೆಗೆ ಒಂದು ಕೆಜಿ ಹೊಡೆದಾಗ ‘ಯಾರಾದ್ರೂ ಇವನಿಗೆ ಬುದ್ಧಿ ಕಲಿಸ್ಬೇಕು’ ಅಂತ ಗೊಣಗಿ ವಾಪಸ್ ಬರ್ತೀವಿ. ಆ ಯಾರಾದ್ರೂ ಬರಲ್ಲ. ಬಂದ್ರೂ ಬಾಡಿಗೆ ಕೇಳ್ತಾನೆ. ಈ ಸಲ ರಾಗಿ ಮಾರೋಕೆ ಒಬ್ಬೊಬ್ಬರೇ ಹೋಗೋದು ಬೇಡ. ಮನೆಯಲ್ಲೇ ತೂಕ ಹಾಕಿ ಚೀಟಿ ಬರ್ಕೊಂಡು, ಐದಾರು ಜನ ಒಟ್ಟಿಗೆ ತಕ್ಕಡಿ ಮುಂದೆ ನಿಲ್ಲೋಣ. ಬರೋರು ಹೇಳಿ.